ಅಜ್ಜಿಯ ಮುತ್ತಿನ ಸರಕ್ಕೆ ನಿಜಕ್ಕೂ ಬೆಲೆ ಇದೆಯಾ?

ಪ್ರಶ್ನೆ: ನಮ್ಮ ಅಜ್ಜಿಯ ಕಾಲದ ಎರಡೆಳೆ ಮುತ್ತಿನ ಸರ ಮತ್ತು ಒಂದು ಮುತ್ತಿನ ನತ್ತು ಮನೆಯಲ್ಲಿವೆ. ಅಜ್ಜಿ ಅವನ್ನು ‘ಬಸ್ರಾ ಮುತ್ತು’ ಅನ್ನುತ್ತಿದ್ದರು. ಕಳೆದ ವರ್ಷ ಹೈದರಾಬಾದಿಗೆ ಹೋದಾಗ ಎರಡು ಸಾವಿರ ರೂಪಾಯಿಗೆ ನಾನೂ ಒಂದು ಸರ ತಂದೆ. ನೋಡೋಕೆ ಅದೇ ಚೆನ್ನಾಗಿದೆ, ದುಂಡಗೆ, ಬೆಳ್ಳಗೆ. ಒಬ್ಬ ಅಂಗಡಿಯವರು ಅಜ್ಜಿಯ ಸರ ಲಕ್ಷಗಟ್ಟಲೆ ಬಾಳುತ್ತೆ ಅಂದರು. ಇನ್ನೊಬ್ಬರು, ಮುತ್ತಿಗೆ ಮರುಮಾರಾಟದ ಬೆಲೆಯೇ ಇಲ್ಲ, ಬಂಗಾರವನ್ನಷ್ಟೇ ತೂಗುತ್ತೇವೆ ಅಂದರು. ಯಾರ ಮಾತು ನಿಜ? ಮುತ್ತಿನ ಸರ ಕೊಟ್ಟು ಅಮೆರಿಕದಲ್ಲಿ ಬಂಗಲೆಯನ್ನೇ ಕೊಂಡಿದ್ದರು ಅಂತಲೂ ಕೇಳಿದ್ದೇನೆ. ಅದು ಕತೆಯಾ, ನಿಜವಾ?

ಉತ್ತರ: ಬಂಗಲೆಯ ಸುದ್ದಿ ನಿಜ. ಇಬ್ಬರು ಅಂಗಡಿಯವರ ಮಾತೂ ನಿಜ ಆಗಿರಬಹುದು. ಯಾವುದು ನಿಜ ಅನ್ನೋದು ನಿಮ್ಮ ಅಜ್ಜಿಯ ಮುತ್ತು ಹೇಗೆ ಹುಟ್ಟಿತು ಅನ್ನೋದರ ಮೇಲೆ ನಿಂತಿದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಮುತ್ತಿಗೆ ನೂರಾರು ಪಟ್ಟು ಬೆಲೆ ವ್ಯತ್ಯಾಸ ಇರಬಹುದು. ಜಗತ್ತಿನ ದುಬಾರಿ ವಸ್ತುಗಳಲ್ಲಿ ಮುತ್ತಿನಷ್ಟು ವಿಚಿತ್ರವಾಗಿ ಏರಿ, ಬಿದ್ದು, ಮತ್ತೆ ಎದ್ದ ವಸ್ತು ಇನ್ನೊಂದು ನನಗೆ ಗೊತ್ತಿಲ್ಲ. ಆ ಕತೆ ತಿಳಿದುಕೊಂಡರೆ ನಿಮ್ಮ ಸರವನ್ನು ನೋಡುವ ಕಣ್ಣೇ ಬದಲಾಗುತ್ತೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಬಂಗಲೆ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಮತ್ತು 52ನೇ ಬೀದಿಯ ಮೂಲೆಯಲ್ಲಿ ಮಾರ್ಟನ್ ಪ್ಲಾಂಟ್ ಎಂಬ ರೈಲ್ವೆ ಕುಬೇರನ ಮನೆ ಇತ್ತು. ಸುತ್ತಮುತ್ತ ಅಂಗಡಿಗಳು ಬರತೊಡಗಿದ್ದರಿಂದ ಆತ ಅಲ್ಲಿಂದ ಹೊರಡಲು ಸಿದ್ಧನಾಗಿದ್ದ. ಆತನ ಹೆಂಡತಿ ಮೇಸಿಗೆ ಒಡವೆ ವ್ಯಾಪಾರಿ ಪಿಯರ್ ಕಾರ್ತಿಯೇ ಅವರ ಹತ್ತಿರ ಇದ್ದ ಎರಡೆಳೆ ಮುತ್ತಿನ ಸರದ ಮೇಲೆ ಕಣ್ಣಿತ್ತು. ಒಂದು ಎಳೆಯಲ್ಲಿ 55, ಇನ್ನೊಂದರಲ್ಲಿ 73, ಒಟ್ಟು 128 ಮುತ್ತು. ಬೆಲೆ 10 ಲಕ್ಷ ಡಾಲರ್. ಆ ಮನೆಯ ಬೆಲೆ ಅದಕ್ಕಿಂತ ಸ್ವಲ್ಪ ಕಡಿಮೆಯೇ. 1917ರಲ್ಲಿ ಸರ ಮತ್ತು ಅದರ ಮೇಲೆ ನೂರು ಡಾಲರ್ ಕೊಟ್ಟು ಕಾರ್ತಿಯೇ ಮನೆ ಬರೆಸಿಕೊಂಡರು. ಇವತ್ತಿಗೂ ಆ ಕಂಪನಿಯ ಅಂಗಡಿ ಅದೇ ಕಟ್ಟಡದಲ್ಲಿದೆ.

ಆಗ ಆ ವ್ಯವಹಾರದಲ್ಲಿ ಯಾರಿಗೂ ಮೋಸ ಆಗಿರಲಿಲ್ಲ. ಆ ಕಾಲಕ್ಕೆ ಮುತ್ತು ವಜ್ರಕ್ಕಿಂತ ಮೇಲಿನ ದರ್ಜೆಯ ಒಡವೆ. ದಕ್ಷಿಣ ಆಫ್ರಿಕಾದ ಗಣಿಗಳು ತೆರೆದ ಮೇಲೆ ವಜ್ರ ಧಾರಾಳವಾಗಿ ಸಿಗುತ್ತಿತ್ತು. ಮುತ್ತಿಗೆ ಗಣಿ ಇಲ್ಲ.

ಮುತ್ತು ಹೇಗೆ ಆಗುತ್ತೆ ಅನ್ನೋದನ್ನು ಸ್ವಲ್ಪ ನೋಡೋಣ. ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದು ಮುತ್ತಾಗುತ್ತೆ ಅಂತ ನಮ್ಮಲ್ಲಿ ಹೇಳುತ್ತಾರೆ. ರೋಮನ್ನರಲ್ಲೂ ಇಬ್ಬನಿ ಬಿದ್ದು ಮುತ್ತಾಗುತ್ತೆ ಅನ್ನುವ ನಂಬಿಕೆ ಇತ್ತು. ಮರಳಿನ ಕಣ ಒಳಹೊಕ್ಕರೆ ಮುತ್ತಾಗುತ್ತೆ ಅಂತ ಶಾಲೆಯಲ್ಲಿ ಕಲಿತದ್ದೂ ಅಷ್ಟೊಂದು ಸರಿಯಲ್ಲ. ಮುತ್ತಿನ ಚಿಪ್ಪು ಮರಳಿನಲ್ಲೇ ಬದುಕುವ ಜೀವಿ, ಕಣ ಬಂದರೆ ಸುಲಭವಾಗಿ ಹೊರಹಾಕುತ್ತೆ. ಚಿಪ್ಪಿನ ಒಳಗೋಡೆಗೆ ಅಂಟಿಕೊಂಡಿರುವ ತೆಳು ಮಾಂಸದ ಪೊರೆ ಒಂದಿದೆ. ಚಿಪ್ಪಿನ ಹೊಳಪಿನ ಪದರ ಕಟ್ಟೋದು ಅದೇ. ಯಾವುದೋ ಪರಾವಲಂಬಿ ಹುಳು ಕೊರೆದೋ, ಮೀನು ಕಚ್ಚಿಯೋ ಆ ಪೊರೆಯ ಕೆಲವು ಜೀವಕೋಶಗಳು ಒಳಕ್ಕೆ ಜಾರಿದರೆ ಅಲ್ಲೇ ಒಂದು ಪುಟ್ಟ ಚೀಲ ಆಗುತ್ತೆ. ಆ ಕೋಶಗಳಿಗೆ ಗೊತ್ತಿರೋದು ಪದರ ಕಟ್ಟುವ ಕೆಲಸ ಮಾತ್ರ. ಚೀಲದೊಳಗೂ ಅದನ್ನೇ ಮಾಡುತ್ತಾ ಹೋಗುತ್ತವೆ. ಸುಣ್ಣದ ಅಂಶದ ಸೂಕ್ಷ್ಮ ಬಿಲ್ಲೆಗಳು ಒಂದರ ಮೇಲೊಂದು ಕೂರುತ್ತವೆ. ಒಂದೊಂದು ಬಿಲ್ಲೆಯ ದಪ್ಪ ಬೆಳಕಿನ ಅಲೆಯ ಉದ್ದದಷ್ಟೇ. ಮುತ್ತಿನ ಮೈಮೇಲೆ ತೇಲಿದಂತೆ ಕಾಣುವ ಗುಲಾಬಿ, ಹಸಿರು ಛಾಯೆ ಬರೋದು ಅದರಿಂದ.

ಈ ಅಪಘಾತ ಎಷ್ಟು ಚಿಪ್ಪಿಗೆ ಒಮ್ಮೆ ಆಗುತ್ತೆ? ಆಗಿದ್ದರೂ ಎಷ್ಟು ದುಂಡಗೆ ಬರುತ್ತೆ? ಹೊರಗಿನಿಂದ ನೋಡಿ ಹೇಳೋಕೆ ಆಗಲ್ಲ. ನೂರಾರು ಚಿಪ್ಪು ತೆರೆದರೆ ಕಣ್ಣಿಗೆ ಕಾಣುವಂಥದ್ದು ಒಂದೆರಡು. ಅದರಲ್ಲೂ ಹೆಚ್ಚಿನವು ಸೊಟ್ಟ. ಇನ್ನು ಒಂದೇ ಗಾತ್ರ, ಒಂದೇ ಬಣ್ಣ, ಒಂದೇ ಹೊಳಪಿನ ಮುತ್ತುಗಳನ್ನು ಜೋಡಿಸಿ ಸರ ಮಾಡಬೇಕು ಅಂದರೆ ವ್ಯಾಪಾರಿಗಳು ವರ್ಷಗಟ್ಟಲೆ ಕಾಯುತ್ತಿದ್ದರು. ಕಾರ್ತಿಯೇ ಸರದ ಬೆಲೆ ಆ ಜೋಡಣೆಯ ಬೆಲೆ.

ಹಳೆಯ ಮುತ್ತಿನ ವ್ಯಾಪಾರದ ಲೆಕ್ಕವೂ ಗೊತ್ತಿರಲಿ. ಬಂಗಾರಕ್ಕೆ ತೂಕ ಎರಡರಷ್ಟಾದರೆ ಬೆಲೆಯೂ ಎರಡರಷ್ಟು, ಅಲ್ವಾ? ಮುತ್ತಿಗೆ ಹಾಗಲ್ಲ. ತೂಕವನ್ನು ಅದೇ ತೂಕದಿಂದ ಗುಣಿಸಿ, ಆಮೇಲೆ ಮೂಲ ದರದಿಂದ ಗುಣಿಸುತ್ತಿದ್ದರು. ಅಳತೆ ಗ್ರೇನ್‌ನಲ್ಲಿ, ಅಂದರೆ ವಜ್ರ ತೂಗುವ ಕ್ಯಾರೆಟ್‌ನ ಕಾಲು ಭಾಗ, 50 ಮಿಲಿಗ್ರಾಂ. ಮೂಲ ದರ 10 ರೂಪಾಯಿ ಅಂತಿಟ್ಟುಕೊಳ್ಳಿ. ಎರಡು ಗ್ರೇನ್ ಮುತ್ತಿಗೆ ಎರಡೆರಡಲೆ ನಾಲ್ಕು, 40 ರೂಪಾಯಿ. ನಾಲ್ಕು ಗ್ರೇನ್ ಮುತ್ತಿಗೆ ನಾಲ್ಕು ನಾಲ್ಕಲೆ ಹದಿನಾರು, 160 ರೂಪಾಯಿ. ತೂಕ ದುಪ್ಪಟ್ಟು, ಬೆಲೆ ನಾಲ್ಕು ಪಟ್ಟು. ದೊಡ್ಡ ಮುತ್ತು ಎಷ್ಟು ಅಪರೂಪ ಅನ್ನೋದನ್ನು ಈ ಲೆಕ್ಕ ತಾನಾಗಿಯೇ ತೋರಿಸುತ್ತೆ. ಪರ್ಷಿಯನ್ ಕೊಲ್ಲಿಯ ವ್ಯಾಪಾರಿಗಳೂ ಮುಂಬೈ ವ್ಯಾಪಾರಿಗಳೂ ಬಳಸುತ್ತಿದ್ದ ‘ಚೌ’ ಎಂಬ ಲೆಕ್ಕವೂ ಇದೇ ಜಾತಿಯದು.

ಬಸ್ರಾ ಮುತ್ತು ಅಂದರೆ ಪರ್ಷಿಯನ್ ಕೊಲ್ಲಿಯ ಮುತ್ತು. ಬಸ್ರಾ ಇರಾಕಿನ ಬಂದರು. ಮುತ್ತು ಸಿಗುತ್ತಿದ್ದದ್ದು ಬಹ್ರೇನ್, ಕತಾರ್, ಕುವೈತ್, ಅಬುಧಾಬಿ ಕಡೆಯ ಕಡಲಿನಲ್ಲಿ. ಅಲ್ಲಿನ ಜನ ಮುತ್ತು ಹೆಕ್ಕುತ್ತಿರೋದು ಎಷ್ಟು ಹಿಂದಿನಿಂದ ಅಂದರೆ, ಅಬುಧಾಬಿಯ ಮರಾವಾ ದ್ವೀಪದಲ್ಲಿ 2017ರಲ್ಲಿ ಅಗೆದಾಗ ಸಿಕ್ಕ ಒಂದು ಮುತ್ತಿಗೆ ಸುಮಾರು 8,000 ವರ್ಷ ವಯಸ್ಸಾಗಿತ್ತು.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬ್ರಿಟಿಷ್ ಅಧಿಕಾರಿಗಳು ಮಾಡಿದ ಲೆಕ್ಕದಂತೆ ಕೊಲ್ಲಿಯಲ್ಲಿ ಸುಮಾರು 4,500 ದೋಣಿಗಳು, 74,000 ಜನ ಈ ಕೆಲಸದಲ್ಲಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಸುಡು ಬೇಸಿಗೆಯಲ್ಲಿ, ತಿಂಗಳುಗಟ್ಟಲೆ ದೋಣಿಯಲ್ಲೇ ವಾಸ. ಮುಳುಗುವವನ ಮೂಗಿಗೆ ಕೊಂಬಿನಿಂದ ಮಾಡಿದ ಕ್ಲಿಪ್ಪು. ಕತ್ತಿನಲ್ಲಿ ಹಗ್ಗದ ಬುಟ್ಟಿ. ಕಾಲಿಗೆ ಕಲ್ಲಿನ ಭಾರ, ಬೇಗ ತಳ ಮುಟ್ಟಲಿ ಅಂತ. ಮೇಲೆ ಹಗ್ಗ ಹಿಡಿದು ನಿಂತವನು ಒಬ್ಬ. ಮುಳುಗಿದವನು ಹಗ್ಗ ಜಗ್ಗಿದರೆ ಇವನು ತಕ್ಷಣ ಎಳೆಯಬೇಕು. ಒಂದು, ಒಂದೂವರೆ ನಿಮಿಷ ಉಸಿರು ಕಟ್ಟಿ ಕೈಗೆ ಸಿಕ್ಕಷ್ಟು ಚಿಪ್ಪು ಬಾಚಿಕೊಳ್ಳೋದು, ಮೇಲೆ ಬರೋದು, ಸುಧಾರಿಸಿಕೊಂಡು ಮತ್ತೆ ಮುಳುಗೋದು. ದಿನಕ್ಕೆ ಹತ್ತಾರು ಸಲ. ಹೊಟ್ಟೆ ತುಂಬಿದ್ದರೆ ಮುಳುಗೋಕಾಗಲ್ಲ. ಬೆಳಿಗ್ಗೆ ನಾಲ್ಕು ಖರ್ಜೂರ, ಕಾಫಿ. ಊಟ ಅಂದರೆ ರಾತ್ರಿಯದೇ.

ತಂದ ಚಿಪ್ಪುಗಳನ್ನೆಲ್ಲ ಒಂದೇ ರಾಶಿ ಹಾಕುತ್ತಿದ್ದರು. ಮರುದಿನ ಬೆಳಿಗ್ಗೆ ನಾಯಕನ ಕಣ್ಣೆದುರು ಎಲ್ಲರೂ ಕೂತು ಚಾಕುವಿನಿಂದ ತೆರೆಯುತ್ತಿದ್ದರು. ಯಾರು ತಂದ ಚಿಪ್ಪಿನಲ್ಲಿ ಮುತ್ತಿತ್ತು ಅಂತ ಹೇಳೋದು ಸಾಧ್ಯವೇ ಇರಲಿಲ್ಲ. ಸಂಬಳ ಇಲ್ಲ, ಋತು ಮುಗಿದ ಮೇಲೆ ಪಾಲು. ಅದಕ್ಕೆ ಮುಂಚೆ ಮನೆಯವರ ಊಟಕ್ಕೆ ಅಂತ ಮುಂಗಡ ಸಾಲ. ಆ ಸಾಲ ತೀರದೆ ಅಪ್ಪನಿಂದ ಮಗನಿಗೆ ದಾಟುತ್ತಿತ್ತು. ಇಷ್ಟು ಕಷ್ಟದ ಮೇಲೆ ಬಂದ ಮುತ್ತು ನ್ಯೂಯಾರ್ಕಿನಲ್ಲಿ ಬಂಗಲೆಗೆ ಸಮ ಆಗುತ್ತಿತ್ತು ಅನ್ನೋದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತೆ. ಅಜ್ಜಿಯ ಸರ ನಿಜವಾಗಿ ಕೊಲ್ಲಿಯದೇ ಆದರೆ, ಅದರ ಒಂದೊಂದು ಮುತ್ತಿನ ಹಿಂದೆಯೂ ಹೀಗೆ ಉಸಿರು ಕಟ್ಟಿದವನೊಬ್ಬ ಇದ್ದಾನೆ.

ದೋಣಿಯಿಂದ ಮುತ್ತು ವ್ಯಾಪಾರಿಯ ಕೈಗೆ. ಕೆಂಪು ಬಟ್ಟೆಯ ಮೇಲೆ ಸುರುವಿ, ಬೇರೆ ಬೇರೆ ಅಳತೆಯ ತೂತಿನ ಹಿತ್ತಾಳೆ ಜರಡಿಗಳಲ್ಲಿ ಜಾಲಿಸಿ ಗಾತ್ರ ಬೇರ್ಪಡಿಸುತ್ತಿದ್ದರು. ಅಲ್ಲಿಂದ ನೇರ ಮುಂಬೈ. ಹೌದು, ಜಗತ್ತಿನ ಮುತ್ತಿನ ದೊಡ್ಡ ಸಂತೆ ನಮ್ಮ ಮುಂಬೈ ಆಗಿತ್ತು. ತೂತು ಹಾಕೋದು, ಜೋಡಿ ಮಾಡೋದು, ರೇಷ್ಮೆ ದಾರಕ್ಕೆ ಪೋಣಿಸೋದು ಎಲ್ಲ ಅಲ್ಲಿ. ಪ್ಯಾರಿಸ್ಸಿನ ಒಡವೆಗಾರರು ಕೊಳ್ಳುತ್ತಿದ್ದ ಮುತ್ತಿನಲ್ಲಿ ಬಹಳಷ್ಟು ಮುಂಬೈ ದಾಟಿ ಹೋದದ್ದು. 1911–12ರಲ್ಲಿ ಕಾರ್ತಿಯೇ ಸಹೋದರರಲ್ಲಿ ಒಬ್ಬರಾದ ಜಾಕ್, ಭಾರತಕ್ಕೂ ಬಹ್ರೇನ್‌ಗೂ ಖುದ್ದು ಬಂದದ್ದು ಮುತ್ತಿನ ಮೂಲ ಹುಡುಕಿಕೊಂಡೇ.

ನಮ್ಮ ಕಡೆಗೆ ಕೊಲ್ಲಿಯ ಮುತ್ತು ಬರುತ್ತಿದ್ದದ್ದು ಹೊಸದೇನಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್, ಪೇಟೆ ಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆಯ ಜೊತೆಗೆ ದೊಡ್ಡ ಮುತ್ತು, ಸಣ್ಣ ಮುತ್ತು ಮಾರುತ್ತಿದ್ದದ್ದನ್ನು ಬರೆದಿದ್ದಾನೆ. ಮಹಾನವಮಿಯ ಮೆರವಣಿಗೆಯಲ್ಲಿ ಕೆಲವು ಹೆಂಗಸರು ತೊಟ್ಟಿದ್ದ ಚಿನ್ನ, ಹರಳು, ಮುತ್ತಿನ ಭಾರ ತಡೆಯಲಾಗದೆ, ಜೊತೆಗಿದ್ದವರು ಅವರ ತೋಳಿಗೆ ಆಸರೆ ಕೊಟ್ಟು ನಡೆಸುತ್ತಿದ್ದರಂತೆ! ಬರೋಡೆಯ ಖಂಡೇರಾವ್ ಗಾಯಕವಾಡರದು ಇನ್ನೂ ಒಂದು ಹೆಜ್ಜೆ ಮುಂದೆ. 1860ರ ದಶಕದಲ್ಲಿ ಅವರು ಮದೀನಾದ ಪ್ರವಾದಿಯವರ ಸಮಾಧಿಗೆ ಒಪ್ಪಿಸಲು ಅಂತ ಮುತ್ತಿನ ರತ್ನಗಂಬಳಿಯನ್ನೇ ಮಾಡಿಸಿದರು. ಸುಮಾರು 15 ಲಕ್ಷ ಸಣ್ಣ ಬಸ್ರಾ ಮುತ್ತು, ನಡುನಡುವೆ ವಜ್ರ, ನೀಲ, ಮಾಣಿಕ್ಯ, ಪಚ್ಚೆ. ಅದು ಮದೀನಾ ತಲುಪಲಿಲ್ಲ. 2009ರಲ್ಲಿ ದೋಹಾದ ಹರಾಜಿನಲ್ಲಿ ಸುಮಾರು 55 ಲಕ್ಷ ಡಾಲರ್‌ಗೆ ಹೋಯಿತು. ಮುತ್ತು ಹುಟ್ಟಿದ ಕಡಲಿನ ದಡಕ್ಕೇ ಹೀಗೆ ಮರಳಿತು.

ಈಗ ಬೀಳುವ ಕತೆ. ಜಪಾನಿನ ಟೋಬಾ ಎಂಬ ಊರಿನಲ್ಲಿ ನೂಡಲ್ಸ್ ಅಂಗಡಿಯವರ ಮಗ ಕೊಕಿಚಿ ಮಿಕಿಮೊಟೊ, ಚಿಪ್ಪಿನೊಳಗೆ ಬೇಕಂತಲೇ ಏನಾದರೂ ಇಟ್ಟರೆ ಮುತ್ತು ಬೆಳೆಯಬಹುದಾ ಅಂತ ಹಠ ಹಿಡಿದು ಕೂತಿದ್ದರು. ಕಡಲಿನಲ್ಲಿ ಕೆಂಪು ಪಾಚಿ ಹಬ್ಬಿ ಚಿಪ್ಪುಗಳಲ್ಲಿ ಹೆಚ್ಚಿನವು ಸತ್ತವು. ಉಳಿದವುಗಳಲ್ಲಿ 1893ರ ಜುಲೈನಲ್ಲಿ ಮೊದಲ ಮುತ್ತು ಕಂಡಿತು. ಅದು ಅರ್ಧ ಗೋಳ, ಚಿಪ್ಪಿಗೆ ಅಂಟಿಕೊಂಡದ್ದು. ಚೀನಾದವರು ಶತಮಾನಗಳ ಹಿಂದೆಯೇ ಸಣ್ಣ ಬುದ್ಧನ ಬಿಂಬಗಳನ್ನು ಸಿಹಿನೀರ ಚಿಪ್ಪಿನೊಳಗೆ ಇಟ್ಟು ಮುತ್ತಿನ ಲೇಪ ಹತ್ತಿಸುತ್ತಿದ್ದರು, ಹಾಗಾಗಿ ಇದು ಪೂರ್ತಿ ಹೊಸದಲ್ಲ. ಪೂರ್ತಿ ದುಂಡನೆಯ ಮುತ್ತಿನ ದಾರಿ ಕಂಡುಕೊಂಡವರಲ್ಲಿ ಟಾಟ್ಸುಹೈ ಮಿಸೆ, ಟೊಕಿಚಿ ನಿಶಿಕಾವಾ ಅವರ ಹೆಸರು ದೊಡ್ಡದು. ಅದನ್ನು ಜಗತ್ತಿಗೆ ಮಾರಿದವರು ಮಿಕಿಮೊಟೊ.

ಕೆಲಸ ಕೇಳೋಕೆ ಸರಳ, ಮಾಡೋಕೆ ನಾಜೂಕು. ಒಂದು ಚಿಪ್ಪನ್ನು ಬಲಿ ಕೊಟ್ಟು ಅದರ ಪೊರೆಯ ಚಿಕ್ಕ ಚೂರು ಕತ್ತರಿಸುತ್ತಾರೆ. ಇನ್ನೊಂದು ಜೀವಂತ ಚಿಪ್ಪಿನ ಬಾಯಿಯನ್ನು ಸ್ವಲ್ಪವೇ ತೆರೆದು, ಇಕ್ಕಳದಿಂದ ಹಿಡಿದು, ಒಳಗೆ ಸಣ್ಣ ಗಾಯ ಮಾಡಿ, ಒಂದು ದುಂಡು ಮಣಿ ಮತ್ತು ಆ ಚೂರನ್ನು ಅಂಟಿಸಿದಂತೆ ಇಡುತ್ತಾರೆ. ಚೂರು ಬೆಳೆದು ಮಣಿಯನ್ನು ಸುತ್ತುವರಿದು ಚೀಲ ಆಗುತ್ತೆ. ಒಂದೂವರೆ ಎರಡು ವರ್ಷ ಕಡಲಲ್ಲಿ ತೂಗುಹಾಕಿದರೆ ಮಣಿಯ ಮೇಲೆ ಪದರ ಹತ್ತುತ್ತೆ. ಕೇಳಿದವರೆಲ್ಲ ಹುಬ್ಬೇರಿಸುವ ವಿಷಯ ಇಲ್ಲಿದೆ. ಜಪಾನಿನ ಈ ಮುತ್ತಿನೊಳಗಿನ ಮಣಿ ಅಮೆರಿಕದ್ದು! ಮಿಸಿಸಿಪ್ಪಿ ನದಿ ಬಯಲಿನ ದಪ್ಪ ಚಿಪ್ಪಿನಿಂದ ಕೊರೆದದ್ದು. ಅದೇ ಚಿಪ್ಪಿನಿಂದ ಒಂದು ಕಾಲಕ್ಕೆ ಅಂಗಿಯ ಗುಂಡಿ ಮಾಡುತ್ತಿದ್ದರು. ಟಹೀಟಿಯ ಕಪ್ಪು ಮುತ್ತು, ಆಸ್ಟ್ರೇಲಿಯಾದ ದೊಡ್ಡ ಬಿಳಿ ಮುತ್ತು ಎಲ್ಲದರ ಹೊಟ್ಟೆಯಲ್ಲೂ ಬಹುಮಟ್ಟಿಗೆ ಇಂಥ ಮಣಿಯೇ ಇರುತ್ತೆ. ಜಪಾನಿನ ಅಕೋಯಾ ಮುತ್ತಿನಲ್ಲಂತೂ ಹೊರಗಿನ ಮುತ್ತಿನ ಪದರ ಅರ್ಧ ಮಿಲಿಮೀಟರ್ ಆಸುಪಾಸು, ಮಿಕ್ಕಿದ್ದೆಲ್ಲ ಮಣಿ.

1921ರಲ್ಲಿ ಈ ಮುತ್ತು ಲಂಡನ್ನಿಗೆ ಬಂದಿಳಿಯಿತು. ಬೆಲೆ ಸಹಜ ಮುತ್ತಿಗಿಂತ ಕಾಲು ಭಾಗದಷ್ಟು ಕಡಿಮೆ. ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಇಲ್ಲ. ಪತ್ರಿಕೆಗಳು ನಕಲಿ ಅಂದವು. ಪ್ಯಾರಿಸ್ಸಿನಲ್ಲಿ ಕೋರ್ಟು ಕಚೇರಿ ಆಯಿತು. ವಿಜ್ಞಾನಿಗಳು ನೋಡಿ, ಇದೂ ಮುತ್ತೇ, ಚಿಪ್ಪೇ ಮಾಡಿದ್ದು ಅಂದರು. ಮಿಕಿಮೊಟೊ ಕಳಪೆ ಮುತ್ತುಗಳ ರಾಶಿಯನ್ನು 1932ರಲ್ಲಿ ಕೋಬೆ ಪಟ್ಟಣದಲ್ಲಿ ಎಲ್ಲರೆದುರು ಸುಡಿಸಿ, ನಮ್ಮದು ಒಳ್ಳೆ ಮಾಲು ಅಂತ ತೋರಿಸಿಕೊಂಡರು.

ಇಲ್ಲೇ ನಾನು ಮುಖ್ಯ ಅಂದುಕೊಂಡಿರೋದು ಬರುತ್ತೆ. ಮುತ್ತಿನ ಬೆಲೆ ಬಿದ್ದದ್ದು ಬೆಳೆಸಿದ ಮುತ್ತು ಜಾಸ್ತಿ ಬಂತು ಅಂತ ಮಾತ್ರ ಅಲ್ಲ. ಕೈಯಲ್ಲಿರೋದು ಸಹಜವಾ, ಬೆಳೆಸಿದ್ದಾ ಅಂತ ಕೊಳ್ಳುವವರಿಗೆ ಗೊತ್ತಾಗದೆ ಹೋದದ್ದು ದೊಡ್ಡ ಪೆಟ್ಟು. ನಂಬಿಕೆ ಹೋದರೆ ಯಾವ ಒಡವೆ ನಿಲ್ಲುತ್ತೆ? ಇದಕ್ಕಾಗಿಯೇ 1925ರಲ್ಲಿ ಲಂಡನ್ನಿನ ವ್ಯಾಪಾರಿಗಳು ಪರೀಕ್ಷಾಲಯವನ್ನೇ ತೆರೆದರು. ಇವತ್ತಿನ ರತ್ನ ಪರೀಕ್ಷೆಯ ವಿಜ್ಞಾನ ಬೆಳೆದದ್ದರಲ್ಲಿ ಈ ಮುತ್ತಿನ ಗಲಾಟೆಗೆ ದೊಡ್ಡ ಪಾಲಿದೆ. ಮುತ್ತಿನ ತೂತಿನೊಳಗೆ ಹೋಗುವ ಸೂಜಿ, ಅದರ ತುದಿಯಲ್ಲಿ ಎರಡು ಪುಟ್ಟ ಕನ್ನಡಿ. ಸಹಜ ಮುತ್ತಾದರೆ ಬೆಳಕು ಪದರದ ಜೊತೆ ಸುತ್ತಿ ಬಂದು ಕನ್ನಡಿಯಲ್ಲಿ ಮಿನುಗುತ್ತೆ. ಒಳಗೆ ಮಣಿ ಇದ್ದರೆ ಆ ಮಿನುಗು ಬರಲ್ಲ. ಆಮೇಲೆ ಎಕ್ಸ್‌ರೇ ಬಂತು.

ಅಷ್ಟರಲ್ಲಿ 1929ರ ಷೇರು ಪೇಟೆ ಕುಸಿತ. ಕೊಳ್ಳುವವರೇ ಇಲ್ಲ. ಕೊಲ್ಲಿಯ ದೋಣಿಗಳು ದಡಕ್ಕೆ ಬಿದ್ದವು. 1932ರಲ್ಲಿ ಬಹ್ರೇನ್‌ನಲ್ಲಿ ಎಣ್ಣೆ ಸಿಕ್ಕಿತು, ಮುಳುಗುತ್ತಿದ್ದವರು ಎಣ್ಣೆ ಕಂಪನಿಯ ಕೆಲಸಕ್ಕೆ ಸೇರಿದರು. ಸಾವಿರಾರು ವರ್ಷದ ಕಸುಬು ಒಂದು ತಲೆಮಾರಿನೊಳಗೆ ನಿಂತುಹೋಯಿತು. ಬಂಗಲೆಗೆ ಸಮ ಆಗಿದ್ದ ಮೇಸಿಯ ಮುತ್ತುಗಳು ಆಕೆ ತೀರಿಕೊಂಡ ಮೇಲೆ 1957ರಲ್ಲಿ ಹರಾಜಿಗೆ ಬಂದಾಗ ಎರಡು ಲಕ್ಷ ಡಾಲರ್ ಕೂಡ ಮುಟ್ಟಲಿಲ್ಲ.

ಮುತ್ತಿಗೆ ಮರುಮಾರಾಟದ ಬೆಲೆಯೇ ಇಲ್ಲ ಅಂದ ಅಂಗಡಿಯವರ ಮಾತು ಇಲ್ಲಿಂದ ಬಂದದ್ದು. ನಿಮ್ಮ ಹೈದರಾಬಾದಿನ ಸರಕ್ಕೆ ಅದು ಹೆಚ್ಚುಕಡಿಮೆ ಸರಿಯೂ ಹೌದು. ಅಲ್ಲಿ ಮಾರುವ ಮುತ್ತಿನಲ್ಲಿ ಬಹುಪಾಲು ಚೀನಾದಲ್ಲಿ ಬೆಳೆಸಿದ ಸಿಹಿನೀರಿನ ಮುತ್ತು. ಅಲ್ಲಿನ ಕೆರೆಗಳಲ್ಲಿ ದೊಡ್ಡ ಕಪ್ಪೆಚಿಪ್ಪಿಗೆ ಮಣಿ ಇಲ್ಲದೆ ಬರೀ ಪೊರೆಯ ಚೂರು ಇಡುತ್ತಾರೆ. ಒಂದೊಂದು ಚಿಪ್ಪಿನಿಂದ ಮೂವತ್ತು ನಲವತ್ತು ಮುತ್ತು. ಹೈದರಾಬಾದಿನ ಕುಶಲತೆ ಇರೋದು ತೂತು ಹಾಕೋದರಲ್ಲಿ, ಆರಿಸೋದರಲ್ಲಿ, ಪೋಣಿಸೋದರಲ್ಲಿ. ಅವೂ ನಿಜವಾದ ಮುತ್ತೇ, ಒಳಗೆಲ್ಲ ಮುತ್ತಿನ ಪದರವೇ. ತೊಡೋಕೆ ಸೊಗಸಾದ ವಸ್ತು. ಮಾರಿ ಲಾಭ ಮಾಡುವ ವಸ್ತು ಅಲ್ಲ, ಅಷ್ಟೇ.

ಹಾಗಾದರೆ ಲಕ್ಷಗಟ್ಟಲೆ ಅಂದವರ ಮಾತು? ಅದಕ್ಕೂ ಆಧಾರ ಇದೆ. ಎಲ್ಲ ಮುತ್ತೂ ಬೆಳೆಸಿದ್ದೇ ಆದ ಮೇಲೆ ಸಹಜ ಮುತ್ತು ಹಿಂದೆಂದಿಗಿಂತ ಅಪರೂಪ ಆಯಿತು. ಕೊಲ್ಲಿಯಲ್ಲಿ ಹೊಸದಾಗಿ ತೆಗೆಯುವವರು ಬೆರಳೆಣಿಕೆ. ಮಾರುಕಟ್ಟೆಗೆ ಬರುವ ಸಹಜ ಮುತ್ತಿನಲ್ಲಿ ಹೆಚ್ಚಿನದು ಹಳೆ ಒಡವೆಗಳಿಂದ ಬಿಚ್ಚಿದ್ದು. ಅದರ ಜೊತೆಗೆ ಎಕ್ಸ್‌ರೇ ಇರೋದರಿಂದ ಖಚಿತವಾಗಿ ಹೇಳಬಹುದು. ನಂಬಿಕೆ ವಾಪಸ್ ಬಂತು, ಬೆಲೆಯೂ ಬಂತು.

ಎರಡು ಉದಾಹರಣೆ ಕೊಡುತ್ತೇನೆ. ಪನಾಮಾದಲ್ಲಿ ಹದಿನಾರನೇ ಶತಮಾನದಲ್ಲಿ ಸಿಕ್ಕ ‘ಲಾ ಪೆರೆಗ್ರಿನಾ’ ಎಂಬ ಕಂಬನಿಯಾಕಾರದ ಮುತ್ತು ಸ್ಪೇನಿನ ರಾಜಮನೆತನದಲ್ಲಿತ್ತು. 1969ರಲ್ಲಿ ನಟ ರಿಚರ್ಡ್ ಬರ್ಟನ್ ಅದನ್ನು 37,000 ಡಾಲರ್‌ಗೆ ಕೊಂಡು ಹೆಂಡತಿ ಎಲಿಜಬೆತ್ ಟೇಲರ್‌ಗೆ ಕೊಟ್ಟರು. ಒಮ್ಮೆ ಹೋಟೆಲ್ ಕೋಣೆಯಲ್ಲಿ ಅದು ಕಾಣೆಯಾಗಿ, ಕೊನೆಗೆ ಆಕೆಯ ನಾಯಿಮರಿಯ ಬಾಯಲ್ಲಿ ಸಿಕ್ಕಿತು! 2011ರಲ್ಲಿ ಆ ಮುತ್ತಿದ್ದ ಸರ 1.18 ಕೋಟಿ ಡಾಲರ್‌ಗೆ ಹೋಯಿತು. ಇನ್ನೊಂದು, ಫ್ರಾನ್ಸಿನ ರಾಣಿ ಮರಿ ಆಂಟೊನೆಟ್‌ಳ ಮುತ್ತಿನ ಪದಕ. 2018ರಲ್ಲಿ ಜಿನೀವಾದಲ್ಲಿ ಹರಾಜು. ಅಂದಾಜು 10ರಿಂದ 20 ಲಕ್ಷ ಡಾಲರ್. ಮಾರಾಟ ಆದದ್ದು 3.6 ಕೋಟಿ ಡಾಲರ್ ಹತ್ತಿರ. ರಾಣಿಯ ಹೆಸರಿಗೆ ಅದರಲ್ಲಿ ದೊಡ್ಡ ಪಾಲು ಇದೆ, ಹಾಗಾಗಿ ಅದನ್ನು ಮುತ್ತಿನ ದರ ಅಂತ ತಿಳಿಯಬೇಡಿ. ಬಹ್ರೇನ್ ಮಾತ್ರ ಸಹಜ ಮುತ್ತನ್ನು ಬಿಟ್ಟುಕೊಟ್ಟೇ ಇಲ್ಲ. ಅಲ್ಲಿ ಬೆಳೆಸಿದ ಮುತ್ತು ಮಾರೋದು ಕಾನೂನಿಗೆ ವಿರುದ್ಧ. ಮುತ್ತಿನ ಕಸುಬಿನ ಮನೆ, ಬೀದಿ, ಕಡಲಿನ ಚಿಪ್ಪಿನ ನೆಲೆಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಈಗ ನಿಮ್ಮ ಸರಕ್ಕೆ ಬರೋಣ. ಹಲ್ಲಿಗೆ ಉಜ್ಜಿ ನೋಡುವ ಪರೀಕ್ಷೆ ಯಾರಾದರೂ ಹೇಳಿರುತ್ತಾರೆ. ತರಿತರಿ ಅನಿಸಿದರೆ ಮುತ್ತು, ನುಣ್ಣಗಿದ್ದರೆ ಗಾಜು ಅಥವಾ ಪ್ಲಾಸ್ಟಿಕ್. ಇದು ನಕಲಿಯನ್ನು ಮಾತ್ರ ಹಿಡಿಯುತ್ತೆ. ಬೆಳೆಸಿದ ಮುತ್ತೂ ತರಿತರಿಯೇ, ಸಹಜ ಮುತ್ತೂ ತರಿತರಿಯೇ. ಅದನ್ನು ನೆಚ್ಚಿ ‘ಒರಿಜಿನಲ್ ಬಸ್ರಾ’ ಅಂತ ತೀರ್ಮಾನ ಮಾಡಬೇಡಿ.

ಒಂದು ಭೂತಗನ್ನಡಿ ತಗೊಂಡು ಕಿಟಕಿಯ ಬೆಳಕಿನಲ್ಲಿ ಕೂತು ತೂತನ್ನು ನೋಡಿ. ಹಳೆ ಕೊಲ್ಲಿ ಮುತ್ತಿನ ತೂತು ಬಹಳ ಸಣ್ಣ, ಕೂದಲೆಳೆಯಂಥ ದಾರ ಹೋಗುವಷ್ಟೇ. ಮುತ್ತು ತೂಕಕ್ಕೆ ಮಾರಾಟ ಆಗುತ್ತಿದ್ದ ಕಾಲ ಅದು, ತೂತು ದೊಡ್ಡದಾದರೆ ನಷ್ಟ. ಎರಡೂ ಕಡೆಯಿಂದ ಕೈಬೈರಿಗೆಯಲ್ಲಿ ಕೊರೆದದ್ದರಿಂದ ನಡುವೆ ಸ್ವಲ್ಪ ಸೊಟ್ಟ ಇರಬಹುದು. ತೂತಿನ ಅಂಚಿನ ಒಳಗೆ ಒಂದು ಗೆರೆ, ಹೊರಗೆ ಒಂದು ಬಣ್ಣ ಒಳಗೆ ಇನ್ನೊಂದು ಕಂಡರೆ ಒಳಗೆ ಮಣಿ ಇದೆ ಅಂತ ಅನುಮಾನ ಪಡಿ. ಆಮೇಲೆ ಸರವನ್ನು ಬಿಳಿ ಬಟ್ಟೆಯ ಮೇಲೆ ಉರುಳಿಸಿ. ಸಹಜ ಮುತ್ತುಗಳ ಸರದಲ್ಲಿ ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಇರಲ್ಲ. ನಡುವಿನಲ್ಲಿ ದೊಡ್ಡದು, ತುದಿಗೆ ಸಣ್ಣದು. ಕೆನೆಬಣ್ಣ, ಕೆಲವಕ್ಕೆ ಗುಲಾಬಿ ಛಾಯೆ. ಒಂದೆರಡು ಗುಂಡಿಯಂತೆ ಚಪ್ಪಟೆ. ಅಜ್ಜಿಯ ಸರ ನಿಮ್ಮ ಹೊಸ ಸರದಷ್ಟು ದುಂಡಗಿಲ್ಲ ಅಂತ ಬರೆದಿದ್ದೀರಿ. ಅದು ಒಳ್ಳೆಯ ಸೂಚನೆಯೇ.

ವಯಸ್ಸು ಕೂಡ ಸಾಕ್ಷಿ. ಅದು ಅಜ್ಜಿಗೆ ಅವರ ತಾಯಿಯಿಂದ ಬಂದದ್ದಾ, 1920ಕ್ಕೆ ಮುಂಚಿನದಾ ಅಂತ ಮನೆಯ ಹಿರಿಯರನ್ನು ಕೇಳಿ. ಹಳೆ ಮದುವೆಯ ಫೋಟೊ ಇದ್ದರೆ ಹುಡುಕಿ. ಆ ಕಾಲಕ್ಕಿಂತ ಹಿಂದಿನದು ಅಂತ ಖಾತ್ರಿಯಾದರೆ ಬೆಳೆಸಿದ ದುಂಡು ಮುತ್ತು ಆಗಿರುವ ಸಾಧ್ಯತೆ ಬಹಳ ಕಡಿಮೆ.

ಕೊನೆಯ ಮಾತು ಎಕ್ಸ್‌ರೇಯದೇ. ಮುಂಬೈ, ಜೈಪುರದಲ್ಲಿ ಮುತ್ತು ಪರೀಕ್ಷಿಸುವ ಪ್ರಯೋಗಾಲಯಗಳಿವೆ. ಸಹಜ ಮುತ್ತಿನ ಚಿತ್ರದಲ್ಲಿ ಈರುಳ್ಳಿ ಕೊಯ್ದಾಗ ಕಾಣುವಂಥ ಸುತ್ತು ನಡುವಿನ ತನಕ ಇರುತ್ತೆ. ಮಣಿ ಇಟ್ಟು ಬೆಳೆಸಿದ್ದರಲ್ಲಿ ದುಂಡು ಮಣಿಯ ಗೆರೆ ಸ್ಪಷ್ಟ. ಚೀನಾದ ಮುತ್ತಿನಲ್ಲಿ ನಡುವೆ ಸಣ್ಣ, ಸೊಟ್ಟನೆಯ ಪೊಳ್ಳು. ಪರೀಕ್ಷೆಗೆ ಮುತ್ತು ಒಡೆಯುವ ಅಗತ್ಯ ಇಲ್ಲ. ವರದಿ ಕೈಗೆ ಬರುವ ತನಕ ಯಾರಿಗೂ ಮಾರಬೇಡಿ, ಬಂಗಾರ ಕರಗಿಸೋಕೂ ಕೊಡಬೇಡಿ.

ಆದರೆ ಆಸೆ ಅಳತೆಯಲ್ಲಿರಲಿ. ತೂಕವನ್ನು ಅದೇ ತೂಕದಿಂದ ಗುಣಿಸುವ, ಮೇಲೆ ಹೇಳಿದ ಲೆಕ್ಕ ನೆನಪಿಸಿಕೊಳ್ಳಿ. ಜೋಳದ ಕಾಳಿಗಿಂತ ಸಣ್ಣ ಮುತ್ತುಗಳು ಸಹಜವೇ ಆಗಿದ್ದರೂ ಅಂಥ ದೊಡ್ಡ ಬೆಲೆ ಬಾಳಲ್ಲ. ಗಾತ್ರ, ಹೊಳಪು, ಜೋಡಣೆ ಮೂರೂ ಕೂಡಿದರೆ ಮಾತ್ರ ಅಂಗಡಿಯವರು ಅಂದ ಲಕ್ಷಗಳ ಮಾತು ಬರುತ್ತೆ. ನತ್ತಿನ ಮುತ್ತನ್ನು ಹಗುರವಾಗಿ ಕಾಣಬೇಡಿ. ನತ್ತಿಗೆ ಅಂತ ನಮ್ಮವರು ಒಳ್ಳೆ ಆಣಿಮುತ್ತನ್ನೇ ಆರಿಸುತ್ತಿದ್ದರು. ಸರದ ಐವತ್ತು ಮುತ್ತಿಗಿಂತ ಆ ಒಂದೆರಡೇ ಮೇಲಾಗಿರೋದೂ ಉಂಟು.

ಹೀಗೆ ಮುತ್ತಿನ ಬಗ್ಗೆ ವಿಚಾರಿಸುತ್ತಾ ಹೋದರೆ ನಿಮ್ಮ ಹತ್ತಿರ ಬೇರೆ ಥರದವರೂ ಬರುತ್ತಾರೆ. ಆನೆಯ ತಲೆಯ ಗಜಮುತ್ತು, ಹಾವಿನ ಹೆಡೆಯ ನಾಗಮಣಿ ಅಂತ ತೋರಿಸುತ್ತಾರೆ. ಮುತ್ತು ಮಾಡುವ ಪೊರೆ ಇರೋದು ಚಿಪ್ಪು, ಶಂಖದ ಜಾತಿಯ ಜೀವಿಗಳಲ್ಲಿ ಮಾತ್ರ. ಆನೆಯಲ್ಲೂ ಇಲ್ಲ, ಹಾವಿನಲ್ಲೂ ಇಲ್ಲ. ಒಂದು ರೂಪಾಯಿಯನ್ನೂ ಕೊಡಬೇಡಿ. ಫಿಲಿಪ್ಪೀನ್ಸ್‌ನ ಮೀನುಗಾರರೊಬ್ಬರು 34 ಕೆ.ಜಿ. ತೂಕದ ಮುತ್ತನ್ನು ಹತ್ತು ವರ್ಷ ಮಂಚದ ಕೆಳಗೆ ಇಟ್ಟುಕೊಂಡಿದ್ದರು ಅಂತ 2016ರಲ್ಲಿ ಜಗತ್ತಿನಲ್ಲೆಲ್ಲ ಸುದ್ದಿಯಾಯಿತು. ಅದು ದೈತ್ಯ ಕಪ್ಪೆಚಿಪ್ಪಿನದು, ಪಿಂಗಾಣಿಯಂತೆ ಬೆಳ್ಳಗಿರುತ್ತೆ, ನಿಮ್ಮ ಸರದ ಹೊಳಪಿನ ಪದರ ಅದಕ್ಕಿಲ್ಲ. 10 ಕೋಟಿ ಡಾಲರ್ ಬೆಲೆ ಅಂತ ಪತ್ರಿಕೆಗಳು ಬರೆದವು. ಕೊಳ್ಳುವವರು ಕೊಟ್ಟ ಹಣಕ್ಕೆ ಮಾತ್ರ ಬೆಲೆ ಅನ್ನಬೇಕು, ಬರೆದ ಸಂಖ್ಯೆಗೆ ಅಲ್ಲ.

ಇನ್ನು ಜೋಪಾನ. ರೋಮಿನ ಪ್ಲಿನಿ ಬರೆದ ಕತೆಯಲ್ಲಿ ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ಪಂದ್ಯ ಕಟ್ಟಿ ಬೆಲೆಬಾಳುವ ಮುತ್ತೊಂದನ್ನು ವಿನೆಗರ್‌ನಲ್ಲಿ ಕರಗಿಸಿ ಕುಡಿಯುತ್ತಾಳೆ. ಇಡೀ ಮುತ್ತು ಕ್ಷಣದಲ್ಲಿ ಕರಗಲ್ಲ, ಒಂದು ದಿನಕ್ಕೂ ಜಾಸ್ತಿ ಬೇಕಾದೀತು. ಆದರೆ ಹುಳಿಗೆ ಮುತ್ತು ಕರಗೋದು ನಿಜ. ಹಾಗಾಗಿ ಬಂಗಾರ ತೊಳೆಯುವಂತೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತೊಳೆಯಲೇಬೇಡಿ. ಹಬ್ಬದ ಹಿಂದಿನ ದಿನ ಎಲ್ಲ ಒಡವೆಯನ್ನೂ ಒಟ್ಟಿಗೆ ನೆನೆಹಾಕುವ ಮನೆಗಳಲ್ಲಿ ಹಳೆ ಮುತ್ತು ಹಾಳಾಗೋದು ಹೀಗೆಯೇ. ಸೆಂಟು, ಹೇರ್‌ಸ್ಪ್ರೇ ಎಲ್ಲ ಮುಗಿಸಿ ಕೊನೆಗೆ ಮುತ್ತು ತೊಡಿ. ತೆಗೆದ ಮೇಲೆ ಒದ್ದೆ ಮೆತ್ತನೆ ಬಟ್ಟೆಯಲ್ಲಿ ಬೆವರು ಒರೆಸಿ, ನೆರಳಲ್ಲಿ ಆರಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಂಗಾರದ ಬಳೆಯ ಜೊತೆ ಒಂದೇ ಡಬ್ಬಿಗೆ ಹಾಕಿದರೆ ಗೀರು ಬೀಳುತ್ತೆ.

ಅಜ್ಜಿಯ ಸರದ ದಾರ ಇಷ್ಟು ಹೊತ್ತಿಗೆ ಜೀರ್ಣ ಆಗಿರುತ್ತೆ. ಪರೀಕ್ಷೆ ಆಗುವ ತನಕ ತೊಡಬೇಡಿ, ಹರಿದರೆ ಸಣ್ಣವು ಸಿಗಲ್ಲ. ಮತ್ತೆ ಪೋಣಿಸಲು ಕೊಡುವಾಗ ಮೂರು ಮಾತು ಖಡಾಖಂಡಿತವಾಗಿ ಹೇಳಿ. ರೇಷ್ಮೆ ದಾರವೇ ಬೇಕು, ಮುತ್ತು ಮುತ್ತಿನ ನಡುವೆ ಗಂಟು ಹಾಕಬೇಕು. ದಪ್ಪ ದಾರ ಹಾಕೋಕೆ ಅಂತ ತೂತು ದೊಡ್ಡದು ಮಾಡಕೂಡದು. ಕೊಡುವ ಮುಂಚೆ ಮುತ್ತುಗಳನ್ನು ಎಣಿಸಿ, ತೂಕ ಹಾಕಿಸಿ, ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದುಕೊಳ್ಳಿ. ಸಾಧ್ಯವಾದರೆ ಪೋಣಿಸಿ ಮುಗಿಯುವ ತನಕ ಎದುರಿಗೇ ಕೂತಿರಿ.